ಅರವತ್ತು ಡ್ರಾಯಿಂಗ್, ಒಂದೇ ಸ್ಕ್ರಿಪ್ಟ್: ಆಟೋಕ್ಯಾಡ್‌ನಲ್ಲಿ ಗೆರೆಗಳನ್ನು ಒಟ್ಟಿಗೆ ತಿದ್ದುವುದು ಹೇಗೆ?

ಪ್ಲಾಟ್ ತೆಗೆದಾಗ (ಕಾಗದಕ್ಕೆ ಮುದ್ರಿಸಿದಾಗ) ಕಾಲಂ, ಗೋಡೆ, ಹ್ಯಾಚ್ (ಒಳಗೆ ತುಂಬುವ ಓರೆಗೆರೆಗಳು) ಎಲ್ಲವೂ ಒಂದೇ ದಪ್ಪದಲ್ಲಿ ಬಂದರೆ ಆ ನಕ್ಷೆಯನ್ನು ಸೈಟ್‌ನಲ್ಲಿ ಓದುವುದು ಕಷ್ಟ. ಗೆರೆಗಳನ್ನು ಗುಂಪು ಮಾಡಿಡುವ ಲೇಯರ್‌ಗೆ ದಪ್ಪ ಕೊಡದೆ ಬಿಟ್ಟರೆ ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೋಕ್ಯಾಡ್ ಎಲ್ಲಕ್ಕೂ 0.25 ಮಿ.ಮೀ. ಹಾಕಿಬಿಡುತ್ತದೆ. ಒಂದು ಡ್ರಾಯಿಂಗ್ ಆದರೆ ಕೈಯಲ್ಲೇ ತಿದ್ದಬಹುದು. ಅರವತ್ತಿದ್ದರೆ ಸ್ಕ್ರಿಪ್ಟ್ ಬರೆಯಿರಿ.

ಸ್ಕ್ರಿಪ್ಟ್ ಎಂದರೆ ನೋಟ್‌ಪ್ಯಾಡ್‌ನಲ್ಲಿ ಬರೆದು ಎಸ್‌ಸಿಆರ್ ಎಂಬ ಕೊನೆಹೆಸರಿನಲ್ಲಿ ಉಳಿಸಿದ ಸಾದಾ ಫೈಲ್, ಅಷ್ಟೆ. ನೀವು ಕಮಾಂಡ್ ಲೈನ್‌ನಲ್ಲಿ ಒತ್ತುವ ಕೀಲಿಗಳೇ ಅದರಲ್ಲಿರುತ್ತವೆ. ಆದ್ದರಿಂದ ಮೊದಲು ಒಂದು ಡ್ರಾಯಿಂಗ್‌ನಲ್ಲಿ ಕೈಯಾರೆ ಮಾಡಿ. ಲೇಯರ್ ಕಮಾಂಡ್‌ನ ಮೊದಲಿಗೆ ಹೈಫನ್ ಸೇರಿಸಿ ಕೊಟ್ಟರೆ ಕಿಟಕಿ ತೆರೆಯದೆ ಪ್ರಶ್ನೆಗಳು ಒಂದೊಂದಾಗಿ ಬರುತ್ತವೆ. ಬಳಿಕ ಎಫ್2 ಒತ್ತಿ, ಯಾವ ಪ್ರಶ್ನೆಗೆ ಯಾವ ಉತ್ತರ ಕೊಟ್ಟಿರಿ ಎಂದು ನೋಡಿಕೊಂಡು ಅದೇ ಕ್ರಮದಲ್ಲಿ ಬರೆಯಿರಿ (ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ; ಎಲ್‌ಡಬ್ಲ್ಯೂ ಎಂದರೆ ಗೆರೆಯ ದಪ್ಪ, ಕ್ಯೂಸೇವ್ ಎಂದರೆ ಫೈಲ್ ಉಳಿಸುವ ಕಮಾಂಡ್):

-ಲೇಯರ್
ಎಲ್‌ಡಬ್ಲ್ಯೂ
0.50
ಕಾಲಂ
ಎಲ್‌ಡಬ್ಲ್ಯೂ
0.18
ಹ್ಯಾಚ್
(ಇಲ್ಲಿ ಒಂದು ಖಾಲಿ ಸಾಲು)
ಕ್ಯೂಸೇವ್

ಆ ಖಾಲಿ ಸಾಲನ್ನು ಮರೆಯಬೇಡಿ. ಸ್ಕ್ರಿಪ್ಟ್‌ನಲ್ಲಿ ಖಾಲಿ ಸಾಲು, ಸ್ಪೇಸ್ ಎರಡೂ ಎಂಟರ್ ಕೀಲಿಗೆ ಸಮ. ಸಾಲು ಇಲ್ಲದಿದ್ದರೆ ಲೇಯರ್ ಕಮಾಂಡ್ ಮುಗಿಯುವುದೇ ಇಲ್ಲ, ಕ್ಯೂಸೇವ್ ಅದಕ್ಕೇ ಉತ್ತರವಾಗಿ ಹೋಗುತ್ತದೆ. ನಾನು ಮೊದಲ ಸ್ಕ್ರಿಪ್ಟ್‌ನಲ್ಲಿ ಒಂದು ಇಡೀ ಸಂಜೆ ಕಳೆದದ್ದು ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದೆ ಕುಳಿತಿದ್ದ ಒಂದು ಸ್ಪೇಸ್ ಹುಡುಕುತ್ತಾ. ಹೆಸರಿನ ಜಾಗದಲ್ಲಿ ನಕ್ಷತ್ರ ಚಿಹ್ನೆಯೂ ನಡೆಯುತ್ತದೆ. ಕಾಲಂ ಎಂದು ಶುರುವಾಗುವ ಎಲ್ಲ ಲೇಯರ್‌ಗಳೂ ಒಂದೇ ಸಾಲಿಗೆ ಸಿಗುತ್ತವೆ.

ಲೈನ್‌ಟೈಪ್ (ಗೆರೆಯ ಬಗೆ) ಬದಲಿಸುವಾಗ ಇನ್ನೊಂದು ತೊಡಕಿದೆ. ಹಿಡನ್ ಎಂಬ ತುಂಡುಗೆರೆ ಈಗಾಗಲೇ ಲೋಡ್ ಆಗಿದ್ದರೆ, ಮತ್ತೆ ಲೋಡ್ ಮಾಡಲೇ ಎಂದು ಆಟೋಕ್ಯಾಡ್ ಹೆಚ್ಚುವರಿಯಾಗಿ ಕೇಳುತ್ತದೆ. ಲೋಡ್ ಆಗಿರದಿದ್ದರೆ ಕೇಳುವುದಿಲ್ಲ. ಹೀಗೆ ಒಂದು ಡ್ರಾಯಿಂಗ್‌ನಲ್ಲಿ ಸರಿಯಾಗಿ ಓಡಿದ ಸ್ಕ್ರಿಪ್ಟ್ ಇನ್ನೊಂದರಲ್ಲಿ ಹಳಿ ತಪ್ಪುತ್ತದೆ. 1986ರಿಂದ ಆಟೋಕ್ಯಾಡ್‌ನೊಳಗೇ ಇರುವ ಆಟೋಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಸಾಲನ್ನು ಸ್ಕ್ರಿಪ್ಟ್‌ಗೆ ಸೇರಿಸಿ, ಲೋಡ್ ಆಗಿದೆಯೇ ಎಂದು ಮೊದಲೇ ಪರೀಕ್ಷಿಸುವುದು ಇದಕ್ಕೆ ನಂಬಿಕಸ್ಥ ಪರಿಹಾರ.

ಈಗ ಎಲ್ಲ ಫೈಲ್‌ಗಳ ಮೇಲೆ ಓಡಿಸುವುದು. ಮೂಲ ಫೋಲ್ಡರ್‌ನ ನಕಲು ಇಟ್ಟುಕೊಳ್ಳದೆ ಇದಕ್ಕೆ ಕೈ ಹಾಕಲೇಬೇಡಿ. ವಿಂಡೋಸ್‌ನಲ್ಲಿ 2013ರ ಆವೃತ್ತಿಯಿಂದ ಕೋರ್ ಕನ್ಸೋಲ್ ಎಂಬ ಪುಟ್ಟ ಪ್ರೋಗ್ರಾಂ ಆಟೋಕ್ಯಾಡ್ ಜೊತೆಗೇ ಬರುತ್ತದೆ. ಪರದೆಯ ಮೇಲೆ ಡ್ರಾಯಿಂಗ್ ತೆರೆಯದೆಯೇ ಅದು ಕೆಲಸ ಮುಗಿಸುತ್ತದೆ. ಅದನ್ನು ಓಡಿಸುವ ಸಾಲಿನಲ್ಲಿ ಐ ಸ್ವಿಚ್‌ಗೆ (/i) ಡ್ರಾಯಿಂಗ್ ಹೆಸರು, ಎಸ್ ಸ್ವಿಚ್‌ಗೆ (/s) ಸ್ಕ್ರಿಪ್ಟ್ ಹೆಸರು ಕೊಡಿ. ಬ್ಯಾಚ್ ಫೈಲ್‌ನಲ್ಲಿ (ವಿಂಡೋಸ್ ಆಜ್ಞೆಗಳನ್ನು ಬರೆದಿಡುವ ಸಾದಾ ಫೈಲ್) ಒಂದೇ ಕೆಲಸವನ್ನು ಪ್ರತಿ ಫೈಲ್‌ಗೂ ಮಾಡಿಸುವ ಫಾರ್ ಸಾಲು ಬರೆದರೆ ಫೋಲ್ಡರ್‌ನ ಡ್ರಾಯಿಂಗ್‌ಗಳೆಲ್ಲ ಸರದಿಯಲ್ಲಿ ಬರುತ್ತವೆ. ಬ್ಯಾಚ್ ಫೈಲ್ ಒಳಗೆ ಶೇಕಡಾ ಚಿಹ್ನೆಯನ್ನು ಎರಡು ಸಲ ಹಾಕಬೇಕು. ಮೊದಲು ಮೂರು ಡ್ರಾಯಿಂಗ್ ಮಾತ್ರ ಓಡಿಸಿ ನೋಡಿ.

ಇಷ್ಟಾದರೂ ಗೆರೆ ಬದಲಾಗಿಲ್ಲವೇ? ಯಾರೋ ಆ ಗೆರೆಗೇ ನೇರವಾಗಿ ದಪ್ಪ ಕೊಟ್ಟಿರುತ್ತಾರೆ, ಆಗ ಅದು ಲೇಯರ್‌ನ ಮಾತು ಕೇಳುವುದಿಲ್ಲ. ಸೆಟ್‌ಬೈಲೇಯರ್ ಕಮಾಂಡ್ ಅದನ್ನು ಲೇಯರ್‌ಗೆ ಮರಳಿಸುತ್ತದೆ. ಆದರೆ ಬೇಕೆಂದೇ ಕೊಟ್ಟ ದಪ್ಪವೂ ಅಳಿಸಿಹೋಗುತ್ತದೆ, ಹಾಗಾಗಿ ಡ್ರಾಯಿಂಗ್ ಬರೆದವರನ್ನು ಕೇಳಿಯೇ ಬಳಸಿ. ಪರದೆಯಲ್ಲಿ ಸರಿ ಕಂಡು ಕಾಗದದಲ್ಲಿ ಮಾತ್ರ ತಪ್ಪಿದರೆ ಪ್ಲಾಟ್ ಸ್ಟೈಲ್ (ಮುದ್ರಿಸುವಾಗ ಗೆರೆ ಹೇಗೆ ಬರಬೇಕೆಂಬ ಹೊಂದಿಕೆ) ನೋಡಿ: ಅದನ್ನು ಇಡುವ ಸಿಟಿಬಿ ಫೈಲ್‌ನಲ್ಲಿ ಬಣ್ಣಕ್ಕೆ ದಪ್ಪ ಕಟ್ಟಿದ್ದರೆ ಲೇಯರ್‌ಗೆ ಕೊಟ್ಟ 0.50 ಲೆಕ್ಕಕ್ಕೇ ಬರುವುದಿಲ್ಲ.