ವಿಮೆಯ ಮಾತು ಆಮೇಲೆ, ಮೊದಲು ಜಿಪಿ ನೋಂದಣಿ

ಬ್ರಿಟನ್ನಿಗೆ ಹೊಸದಾಗಿ ಬಂದವರು ಸಂಘದಲ್ಲಿ ತಪ್ಪದೇ ಕೇಳುವ ಪ್ರಶ್ನೆ: ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಸಾಕೇ, ಖಾಸಗಿ ವಿಮೆಯೂ ಬೇಕೇ? ಉತ್ತರಕ್ಕೆ ಮೊದಲು ಒಂದು ಕೆಲಸ ಮುಗಿಸಿ. ಪೆಟ್ಟಿಗೆ ಬಿಚ್ಚುವ ವಾರದಲ್ಲೇ ಹತ್ತಿರದ ಜಿಪಿ (ಕುಟುಂಬ ವೈದ್ಯರು) ಬಳಿ ಮನೆಯವರೆಲ್ಲರ ಹೆಸರು ನೋಂದಾಯಿಸಿ. ವಿಳಾಸದ ದಾಖಲೆ, ಪಾಸ್‌ಪೋರ್ಟ್ ತೋರಿಸಲೇಬೇಕೆಂಬ ನಿಯಮ ಇಂಗ್ಲೆಂಡಿನಲ್ಲಿಲ್ಲ. ದಾಖಲೆಯಿಲ್ಲವೆಂದು ಯಾರಾದರೂ ವಾಪಸು ಕಳಿಸಲು ನೋಡಿದರೆ ಇದನ್ನು ವಿನಯದಿಂದಲೇ ಹೇಳಿ.

ಪುಕ್ಕಟೆ ಪಡೆಯುತ್ತಿದ್ದೇವೆ ಎಂಬ ಸಂಕೋಚವೂ ಬೇಡ. ಕೆಲಸದ ವೀಸಾದ ಜೊತೆಗೇ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿದ್ದೀರಿ (ಆರೋಗ್ಯ ಕ್ಷೇತ್ರದ ವೀಸಾದವರಿಗೆ ವಿನಾಯಿತಿ ಇದೆ). ಸಂಬಳದಲ್ಲಿ ತೆರಿಗೆಯೂ ಕಡಿತವಾಗುತ್ತದೆ. ಕಾಯಿಲೆ ಬಿದ್ದವರ ಜೇಬು ನೋಡದೆ ಚಿಕಿತ್ಸೆ ಕೊಡಬೇಕು, ಖರ್ಚನ್ನು ಎಲ್ಲರೂ ಸೇರಿ ಹೊರಬೇಕು ಎಂದು 1948ರ ಜುಲೈ 5ರಂದು ಶುರುವಾದ ವ್ಯವಸ್ಥೆ ಇದು.

ಅದರ ಬೆಲೆ ನನಗೆ ತಿಳಿದದ್ದು ಒಂದು ರಾತ್ರಿ ಎರಡು ಗಂಟೆಗೆ. ಮಗಳ ಮೈ ಸುಡುತ್ತಿತ್ತು, ಎದೆಯ ಮೇಲೆ ಕೆಂಪು ಚುಕ್ಕೆಗಳೆದ್ದಿದ್ದವು. ಎನ್‌ಎಚ್‌ಎಸ್‌ನ ಸಲಹಾ ಸಂಖ್ಯೆ 111ಕ್ಕೆ ಫೋನ್ ಮಾಡಿದೆ. ಆ ಕಡೆಯ ನರ್ಸ್ ಗಾಜಿನ ಲೋಟವನ್ನು ಚುಕ್ಕೆಗಳ ಮೇಲೆ ಒತ್ತಿ ಹಿಡಿಯಲು ಹೇಳಿದರು. ಬಣ್ಣ ಮಾಸುತ್ತದೆಯೇ, ಹಾಗೇ ಉಳಿಯುತ್ತದೆಯೇ? ಮಾಸಿತು. ಆದರೂ ನಾಲ್ಕು ಗಂಟೆಗೆ ವೈದ್ಯರು ನೋಡುವ ಏರ್ಪಾಡು ಮಾಡಿದರು. ಬೆಳಗಾಗುವಷ್ಟರಲ್ಲಿ ಮನೆಗೆ ಮರಳಿದ್ದೆವು; ಯಾರೂ ವಿಮೆಯ ಕಾರ್ಡ್ ಕೇಳಲಿಲ್ಲ. (ಚುಕ್ಕೆ ಮಾಸದಿದ್ದರೆ ಅಥವಾ ಉಸಿರಾಟ ಕಷ್ಟವಾದರೆ ತುರ್ತು ಸಂಖ್ಯೆ 999ಕ್ಕೇ ಕರೆ ಮಾಡಿ.)

ಕಾಯುವ ಕಷ್ಟವನ್ನು ಮುಚ್ಚಿಡುವುದಿಲ್ಲ. ತಜ್ಞರ ಚಿಕಿತ್ಸೆ 18 ವಾರಗಳಲ್ಲಿ ಆರಂಭವಾಗಬೇಕೆಂಬ ಗುರಿ ಇಂಗ್ಲೆಂಡಿನಲ್ಲಿ 2016ರಿಂದ ತಪ್ಪುತ್ತಲೇ ಇದೆ. ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾರದವರಿಗೆ ಇದು ಸಣ್ಣ ಮಾತಲ್ಲ. ಖಾಸಗಿ ವಿಮೆ ಉಪಯೋಗಕ್ಕೆ ಬರುವುದು ಮುಖ್ಯವಾಗಿ ಇಂಥಲ್ಲೇ. ಕಂಪನಿಯವರು ಕೊಟ್ಟರೆ ತೆಗೆದುಕೊಳ್ಳಿ, ಆದರೆ ಅದಕ್ಕೂ ತೆರಿಗೆ ಬೀಳುತ್ತದೆಂದು ತಿಳಿದಿರಿ. ಅಪಘಾತ, ಹೆರಿಗೆ, ಮೊದಲೇ ಇದ್ದ ಕಾಯಿಲೆ, ಸಕ್ಕರೆ ಕಾಯಿಲೆಯಂಥ ದೀರ್ಘಕಾಲದ ತೊಂದರೆ ಸಾಮಾನ್ಯವಾಗಿ ವಿಮೆಯ ಹೊರಗೇ ಉಳಿಯುತ್ತವೆ. ಹಣವಿದ್ದವರೆಲ್ಲ ಖಾಸಗಿಗೆ ಹೋದರೆ ಸರದಿ ಕರಗುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಎರಡೂ ಕಡೆ ಶಸ್ತ್ರಚಿಕಿತ್ಸೆ ಮಾಡುವವರು ಬಹುಪಾಲು ಅದೇ ವೈದ್ಯರು.

ಔಷಧ ಚೀಟಿಗೆ ಇಂಗ್ಲೆಂಡಿನಲ್ಲಿ ಶುಲ್ಕವಿದೆ. ಮಕ್ಕಳಿಗೆ, ಗರ್ಭಿಣಿಯರಿಗೆ ಇಲ್ಲ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಯಾರಿಗೂ ಇಲ್ಲ.

ಸಂದರ್ಶಕ ವೀಸಾದಲ್ಲಿ ಬರುವ ಅಪ್ಪ ಅಮ್ಮನ ವಿಷಯ ಬೇರೆ. ಅವರು ಆರೋಗ್ಯ ಶುಲ್ಕ ಕಟ್ಟಿರುವುದಿಲ್ಲ. ತುರ್ತು ವಿಭಾಗದಲ್ಲಿ ನೋಡುವುದಕ್ಕೆ ಹಣವಿಲ್ಲದಿದ್ದರೂ, ಆಸ್ಪತ್ರೆಗೆ ದಾಖಲಾದರೆ ಇಂಗ್ಲೆಂಡಿನಲ್ಲಿ ನಿಗದಿತ ದರದ 150 ಪ್ರತಿಶತ ಬಿಲ್ ಬರುತ್ತದೆ. ಹೊರಡುವ ಮೊದಲೇ ಪ್ರವಾಸ ವಿಮೆ ಮಾಡಿಸಿ. ರಕ್ತದೊತ್ತಡ, ಹೃದಯದ ಸ್ಟೆಂಟ್, ಯಾವುದನ್ನೂ ಅರ್ಜಿಯಲ್ಲಿ ಬಿಡದೆ ಬರೆಸಿ, ಅವರು ನುಂಗುವ ಮಾತ್ರೆಗಳ ಹೆಸರಿನ ಪಟ್ಟಿಯೊಂದು ಕೈಚೀಲದಲ್ಲಿರಲಿ.