ಗೋಡೆ ಮುಚ್ಚುವ ಆತುರ

ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಲೇಕ್‌ವ್ಯೂ ಬಡಾವಣೆಯಲ್ಲಿ ನಮ್ಮ ಮನೆ. 17ನೇ ಸ್ಟ್ರೀಟ್ ಕಾಲುವೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಂದಾಗ ಆ ಕಾಲುವೆಯದೂ ಸೇರಿ ಹಲವು ತಡೆಗೋಡೆಗಳು ಒಡೆದು, ಊರಿನ ನೂರಕ್ಕೆ ಎಂಬತ್ತು ಭಾಗ ಮುಳುಗಿತು. ಗಾಳಿಯ ಆರ್ಭಟ ಒಂದೇ ದಿನದ್ದು, ನೀರು ಮಾತ್ರ ವಾರಗಟ್ಟಲೆ ನಿಂತಿತು. ಬಟ್ಟಲಿನಂಥ ಊರು ಅದು, ಪಂಪ್ ಹಚ್ಚಿ ಎತ್ತಿ ಹಾಕದೆ ನೀರು ಹೋಗುವುದಿಲ್ಲ.

ಅಕ್ಟೋಬರ್‌ನಲ್ಲಿ ನಮ್ಮನ್ನು ಒಳಗೆ ಬಿಟ್ಟರು. ಬಾಗಿಲ ಪಕ್ಕದಲ್ಲಿ ರಕ್ಷಣಾ ತಂಡದವರು ಸ್ಪ್ರೇ ಬಣ್ಣದಲ್ಲಿ ಹಾಕಿದ ದೊಡ್ಡ ಎಕ್ಸ್ ಗುರುತು, ಅದರ ಕೆಳಗಡೆ ಒಂದು ಸೊನ್ನೆ. ಒಳಗೆ ಹೆಣ ಸಿಕ್ಕಿಲ್ಲ ಎಂದು ಅರ್ಥ.

ಮೊದಲು ಕೈ ಹಾಕಿದ್ದು ಫ್ರಿಜ್ಜಿಗೆ. ಒಳಗಿನದೆಲ್ಲ ಕೊಳೆತಿತ್ತು, ಬಾಗಿಲು ತೆಗೆಯಲಿಲ್ಲ. ಸುತ್ತ ಟೇಪ್ ಬಿಗಿದು ರಸ್ತೆಯಂಚಿಗೆ ಎಳೆದು ನಿಲ್ಲಿಸಿದೆವು. ಬೀದಿಯುದ್ದಕ್ಕೂ ಫ್ರಿಜ್ಜುಗಳ ಸಾಲು, ಕೆಲವರು ಅವುಗಳ ಮೇಲೆ ತಮಾಷೆಯ ಸಾಲು ಗೀಚಿದ್ದರು. ಆಮೇಲೆ ಫೋಟೋ: ಗೋಡೆಯ ಮೇಲಿನ ನೀರಿನ ಗೆರೆ, ಒಂದೊಂದು ಸಾಮಾನು. ಮನೆ ವಿಮೆಯಲ್ಲಿ ಗಾಳಿಯ ಹಾನಿಗೆ ದುಡ್ಡುಂಟು, ಪ್ರವಾಹಕ್ಕಿಲ್ಲ. ಪ್ರವಾಹದ್ದು ಬೇರೆ ವಿಮೆ. ಕಿತ್ತು ಎಸೆದ ಮೇಲೆ ಯಾವುದು ಗಾಳಿಯದು, ಯಾವುದು ನೀರಿನದು ಎಂದು ಯಾರು ಹೇಳುತ್ತಾರೆ?

ಅಲ್ಲಿ ಒಳಗೋಡೆ ಎಂದರೆ ಮರದ ಚೌಕಟ್ಟಿಗೆ ಹೊಡೆದ ಡ್ರೈವಾಲ್, ಅಂದರೆ ಜಿಪ್ಸಮ್ ಹಾಳೆ. ಅದು ಬತ್ತಿಯ ಹಾಗೆ ನೀರನ್ನು ಮೇಲಕ್ಕೆ ಎಳೆಯುತ್ತದೆ. ಗೆರೆಯವರೆಗೆ ಮಾತ್ರ ಕೊಯ್ದರೆ ಸಾಲದು. ನಾನು ಚಾವಣಿಯವರೆಗೂ ಕಿತ್ತೆ. ಬಿಸಿ, ಚಳಿ ತಡೆಯಲು ಒಳಗೆ ತುಂಬಿದ್ದ ಇನ್ಸುಲೇಷನ್ ಒದ್ದೆ ಹಾಸಿಗೆಯಂತೆ ಜೋತು ಬಿತ್ತು. ಮೂರು ವಾರದಲ್ಲಿ ಮನೆಯೊಳಗೆ ಉಳಿದದ್ದು ಮರದ ಕಂಬಗಳಷ್ಟೇ.

ತಪ್ಪು ಮಾಡಿದ್ದು ಮುಂದೆ. ಜನವರಿ 2006ರಲ್ಲಿ ಪುನರ್ನಿರ್ಮಾಣದ ನಕ್ಷೆಯೊಂದು ಪತ್ರಿಕೆಯಲ್ಲಿ ಬಂತು. ಕೆಲವು ತಗ್ಗು ಬಡಾವಣೆಗಳ ಮೇಲೆ ಹಸಿರು ಚುಕ್ಕೆ, ಅಂದರೆ ಅಲ್ಲಿ ಮುಂದೆ ಪಾರ್ಕ್ ಆಗಬಹುದು. ಊರಿಗೆ ಊರೇ ಹೆದರಿತು. ಎದ್ದು ನಿಂತ ಮನೆಯನ್ನು ಯಾರೂ ಕೆಡವಲಾರರು ಎಂದು ನಾನೂ ಅವಸರಪಟ್ಟೆ. ಕಂಬಗಳಿಗೆ ಬ್ಲೀಚ್ ಬಳಿದು, ಕೈಯಲ್ಲಿ ಮುಟ್ಟಿ ನೋಡಿ, ಒಂದು ಕೋಣೆಯ ಗೋಡೆ ಮುಚ್ಚಿಯೇಬಿಟ್ಟೆ. ಮಾರ್ಚ್ ಹೊತ್ತಿಗೆ ಸಾಕೆಟ್ಟಿನ ಸುತ್ತ ಕಪ್ಪು ಬೂಷ್ಟು.

ಕುಮಟಾದಿಂದ ಅಮ್ಮ ಫೋನಿನಲ್ಲಿ ಬೈದಳು: "ಮಳೆಗಾಲ ಕಳೆದು ಗೋಡೆ ಒಣಗೋದ್ರೊಳಗೆ ಯಾರಾದ್ರೂ ಸುಣ್ಣ ಹಚ್ತಾರೇನೋ?" ಕರಾವಳಿಯಲ್ಲಿ ಹುಟ್ಟಿದವನಿಗೆ ಅದನ್ನು ಅಮೆರಿಕದಲ್ಲಿ ಹೇಳಿಸಿಕೊಳ್ಳಬೇಕಾಯಿತು.

ಕೋಣೆಯನ್ನು ಮತ್ತೆ ಕಿತ್ತೆ. ತೇವ ಅಳೆಯುವ ಮೀಟರ್ ಕೊಂಡೆ, ಎರಡು ಮುಳ್ಳುಗಳನ್ನು ಮರಕ್ಕೆ ಚುಚ್ಚಿ ಓದುವಂಥದ್ದು. ಕಂಬದ ನಡುಭಾಗ ಬೇಗ ಒಣಗುತ್ತದೆ, ಮೋಸ ಮಾಡುವುದು ಕಂಬಗಳು ಕೂತಿರುವ ಕೆಳಗಿನ ಅಡ್ಡಪಟ್ಟಿ. ಅಲ್ಲಲ್ಲಿ ಚುಚ್ಚಿ, ತಾರೀಖು ಮತ್ತು ಅಂಕಿಯನ್ನು ಪೆನ್ಸಿಲಿನಿಂದ ಮರದ ಮೇಲೇ ಬರೆಯುತ್ತಿದ್ದೆ. ಎಲ್ಲ ಕಡೆ ಶೇಕಡಾ 15ಕ್ಕಿಂತ ಕೆಳಗೆ ಬರುವವರೆಗೆ ಒಂದು ಹಾಳೆಯನ್ನೂ ಹೊಡೆಯಲಿಲ್ಲ. ಬ್ಲೀಚಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ. ಮರದ ಬಣ್ಣ ಬಿಳುಪಾಗುತ್ತದೆ, ತೇವ ಒಳಗೇ ಇರುತ್ತದೆ. ಎರಡನೇ ಸಲ ಬ್ರಷ್ಷಿನಿಂದ ಕೆರೆದು, ಒಣಗಿಸಿ, ಬೂಷ್ಟು ತಡೆಯುವ ಬೋರೇಟ್ ಎಂಬ ಲವಣದ ದ್ರಾವಣ ಸಿಂಪಡಿಸಿದೆ. ಅದರಿಂದ ಗೆದ್ದಲಿಗೂ ತಡೆ.

ತಡವಾದದ್ದರಿಂದ ಒಂದು ಲಾಭವೂ ಆಯಿತು. ಏಪ್ರಿಲ್‌ನಲ್ಲಿ ಮನೆಗಳ ಎತ್ತರದ ಬಗ್ಗೆ ಸರ್ಕಾರದ ಹೊಸ ಸಲಹೆ ಬಂತು: ನೆಲದಿಂದ ಕನಿಷ್ಠ 3 ಅಡಿ ಮೇಲೆ. ಹಾನಿ ಮನೆಯ ಬೆಲೆಯ ಅರ್ಧ ದಾಟಿದ್ದರೆ ಎತ್ತರಿಸಲೇಬೇಕು. ನಮ್ಮದು ಇಟ್ಟಿಗೆ ಕಂಬಗಳ ಮೇಲೆ ಕೂತ ಹಳೇ ಮನೆ. ಗೋಡೆ ತುಂಬಿರದ ಕಾರಣ ಜ್ಯಾಕ್ ಕೊಟ್ಟು ಎತ್ತುವುದು ಸುಲಭವಾಯಿತು. ಕಾಂಕ್ರೀಟ್ ಹಾಸಿನ ಮೇಲೆ ಕಟ್ಟಿದ್ದ ಪಕ್ಕದ ಮನೆಯವರು ಎತ್ತಿಸುವ ಖರ್ಚಿನ ಲೆಕ್ಕ ಹಾಕಿ, ಮಾರಿಕೊಂಡು ಹೋದರು. ಆ ಸೈಟಿನಲ್ಲಿ ಬಹಳ ಕಾಲ ಬರೀ ಹುಲ್ಲು ಬೆಳೆದಿತ್ತು.

2021ರಲ್ಲಿ ಐಡಾ ಚಂಡಮಾರುತ ಬಂದದ್ದೂ ಆಗಸ್ಟ್ 29ರಂದೇ. ಈ ಸಲ ತಡೆಗೋಡೆಗಳು ನಿಂತವು, ಆದರೆ ಊರಿಗೆಲ್ಲ ಕರೆಂಟು ಹೋಯಿತು. ಗಾಳಿ ತಗ್ಗಿದ ಕೂಡಲೇ ಟಾರ್ಚ್ ಹಿಡಿದು ಫ್ರಿಜ್ ಖಾಲಿ ಮಾಡಿದೆ.