ಉಚಿತ ವೆಬ್ ಸರ್ವರ್ ಹಂಚುವಾಗ ಲೈಸೆನ್ಸ್ ಫೋಲ್ಡರನ್ನು ಬಿಲ್ಡ್‌ನಿಂದಲೇ ಹುಟ್ಟಿಸಿದ್ದು: ನನ್ನ ಅನುಭವ

ಗ್ರಾಹಕರಿಗೆ ಕೊಡುವ ಉತ್ಪನ್ನದೊಳಗಿನ ಉಚಿತ ಸಾಫ್ಟ್‌ವೇರ್‌ಗಳ ಲೈಸೆನ್ಸ್ ಪಠ್ಯಗಳ ಫೋಲ್ಡರನ್ನು, ಬಿಲ್ಡ್ (ಸೋರ್ಸ್ ಅಂದರೆ ಮೂಲ ಕೋಡಿನಿಂದ ಪ್ರೋಗ್ರಾಂ ಕಟ್ಟುವ ಕೆಲಸ) ತಾನೇ ತಯಾರಿಸುವಂತೆ ಮಾಡಲು ಹೊರಟಿದ್ದೆ. "ಪುಕ್ಕಟೆ ಸಿಗುವ ಸಾಫ್ಟ್‌ವೇರ್‌ಗೆ ಇಷ್ಟೆಲ್ಲಾ ಯಾಕೆ ತಲೆ ಕೆಡಿಸಿಕೊಳ್ತೀರಿ" ಅಂದವರೇ ಹೆಚ್ಚು. ದುಡ್ಡು ಕೊಟ್ಟು ಲೈಸೆನ್ಸ್ ಹುಡುಕುವ ಸ್ಕ್ಯಾನರ್ ಸಾಫ್ಟ್‌ವೇರ್ ತರದೆ ಇದು ಆಗದ ಮಾತು ಅಂದವರೂ ಇದ್ದರು. ಕೊನೆಗೆ 200 ಚಿಲ್ಲರೆ ಸಾಲಿನ ಶೆಲ್ ಸ್ಕ್ರಿಪ್ಟಿನಲ್ಲೇ ಆಯಿತು. ಖರೀದಿದಾರರ ತಪಾಸಣೆಯಲ್ಲಿ ಬಂದದ್ದು ಒಂದೇ ಪ್ರಶ್ನೆ, ಅದೂ ಸರ್ವರ್ ಬಗ್ಗೆ ಅಲ್ಲ.

ಉತ್ಪನ್ನ ಒಂದು ಅಪ್ಲಯನ್ಸ್ ಇಮೇಜ್, ಅಂದರೆ ಎಲ್ಲವನ್ನೂ ಒಟ್ಟಿಗೆ ಕಟ್ಟಿಟ್ಟ, ಹಾಗೇ ಓಡಿಸಬಹುದಾದ ಕಡತ: ಮುಂದೆ ಎಂಜಿನ್‌ಎಕ್ಸ್ ವೆಬ್ ಸರ್ವರ್, ಹಿಂದೆ ಇನ್ನೊಂದು ವೆಬ್ ಸರ್ವರ್ ಅಪಾಚೆ ಎಚ್‌ಟಿಟಿಪಿಡಿ, ಕೆಳಗೆ ಆಲ್ಪೈನ್ ಲಿನಕ್ಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್. ನಮ್ಮದೇ ಸರ್ವರಿನಲ್ಲಿ ಓಡುತ್ತಿದ್ದಾಗ ಈ ಲೈಸೆನ್ಸ್‌ಗಳು ಏನೂ ಕೇಳುತ್ತಿರಲಿಲ್ಲ. ಇಮೇಜ್ ಗ್ರಾಹಕರ ಕೈಗೆ ಹೋದ ಕ್ಷಣ ಅದು ಹಂಚಿಕೆ, ಷರತ್ತುಗಳೆಲ್ಲ ಅಲ್ಲಿಂದ ಶುರು. ತಿದ್ದಿದ ಪ್ರತಿಯನ್ನು ನೆಟ್‌ವರ್ಕ್ ಮೂಲಕ ಬಳಸಲು ಬಿಟ್ಟರೂ ಸೋರ್ಸ್ ಕೇಳುವ ಎಜಿಪಿಎಲ್ ಲೈಸೆನ್ಸಿನ ಘಟಕ ಒಂದೂ ಇರಲಿಲ್ಲ. ಇದ್ದಿದ್ದರೆ ಲೆಕ್ಕವೇ ಬೇರೆ.

ಮೊದಲು ಎಲ್ಲರಂತೆ ಸ್ಪ್ರೆಡ್‌ಶೀಟ್ ಮಾಡಿದೆ. ಎರಡನೇ ರಿಲೀಸ್‌ಗೆ ಹಳಸಿತು. ಆಮೇಲೆ ಸಾಫ್ಟ್‌ವೇರ್ ಸ್ಥಾಪಿಸುವ ಪ್ಯಾಕೇಜ್ ಮ್ಯಾನೇಜರ್ ಕೊಡುವ ಪಟ್ಟಿಯನ್ನೇ ನಂಬಿದೆ. ಅದರಲ್ಲಿ ಓಪನ್‌ಎಸ್‌ಎಸ್‌ಎಲ್ ಇಲ್ಲ, ಪಿಸಿಆರ್‌ಇ ಇಲ್ಲ, ಝಡ್‌ಲಿಬ್ ಇಲ್ಲ! ಎಂಜಿನ್‌ಎಕ್ಸನ್ನು ಸೋರ್ಸ್‌ನಿಂದ ಕಟ್ಟುವಾಗ ಗೂಢಲಿಪಿ, ಪಠ್ಯ ಹೊಂದಿಕೆ, ಸಂಕೋಚನ ಮಾಡುವ ಈ ಮೂರು ಲೈಬ್ರರಿಗಳನ್ನೂ ಸ್ಟ್ಯಾಟಿಕ್ ಆಗಿ ಒಳಗೇ ಸೇರಿಸಿದ್ದೆವು. ಬೈನರಿಯೊಳಗೆ (ಕಟ್ಟಿ ಮುಗಿದ ಪ್ರೋಗ್ರಾಂ ಕಡತ) ಕರಗಿಹೋದದ್ದು ಪ್ಯಾಕೇಜ್ ಪಟ್ಟಿಗೆ ಕಾಣುವುದಿಲ್ಲ. ದೊಡ್ಡ ವಿ (-V) ಸ್ವಿಚ್ ಹಾಕಿ ಎಂಜಿನ್‌ಎಕ್ಸ್ ಓಡಿಸಿದರೆ ಕಾನ್ಫಿಗರ್ ಸಾಲು (ಕಟ್ಟುವಾಗ ಕೊಟ್ಟ ಆಯ್ಕೆಗಳು) ಪೂರ್ತಿ ಬರುತ್ತದೆ. ಈಗ ಸ್ಕ್ರಿಪ್ಟ್ ಓದುವುದು ಅದನ್ನೇ.

ಮೂರನೇ ಪೆಟ್ಟು ಆಲ್ಪೈನ್‌ನಿಂದ. ಇಮೇಜ್ ಸಣ್ಣದಿರಲಿ ಎಂದು ಅಲ್ಲಿ ದಾಖಲೆಗಳನ್ನೆಲ್ಲ ಬೇರೆ ಡಾಕ್ ಪ್ಯಾಕೇಜ್‌ಗೆ ತಳ್ಳುತ್ತಾರೆ. ಪ್ಯಾಕೇಜ್ ಮಾಹಿತಿಯಲ್ಲಿ ಲೈಸೆನ್ಸ್ ಹೆಸರು ಇರುತ್ತದೆ, ಪಠ್ಯ ಇರುವುದಿಲ್ಲ. ಆದರೆ ಎಂಜಿನ್‌ಎಕ್ಸ್‌ನ ಎರಡು ಷರತ್ತಿನ ಬಿಎಸ್‌ಡಿ ಲೈಸೆನ್ಸ್ ಕೇಳುವುದು ಹೆಸರನ್ನಲ್ಲ: ಬೈನರಿ ಕೊಟ್ಟರೆ ಕಾಪಿರೈಟ್ ಸಾಲು, ಷರತ್ತು, ಹೊಣೆ ನಿರಾಕರಣೆ, ಮೂರೂ ಜೊತೆಗಿನ ದಾಖಲೆಯಲ್ಲಿ ಇರಬೇಕು. ಆಲ್ಪೈನ್ ಬದಲು ಡೆಬಿಯನ್ ಲಿನಕ್ಸ್ ಆಗಿದ್ದರೆ ಪ್ರತಿ ಪ್ಯಾಕೇಜಿನ ಕಾಪಿರೈಟ್ ಕಡತ ಡಿಸ್ಕ್ ಮೇಲೆಯೇ ಸಿಗುತ್ತಿತ್ತು, ಅರ್ಧ ಕೆಲಸ ಉಳಿಯುತ್ತಿತ್ತು.

ಹಾಗಾಗಿ ಪದ್ಧತಿ ತಿರುಗಿಸಿದೆ. ಸೋರ್ಸ್ ಟಾರ್‌ಬಾಲ್ (ಒಂದೇ ಕಡತವಾಗಿ ಕಟ್ಟಿಟ್ಟ ಸೋರ್ಸ್) ಬಿಚ್ಚಿದ ಕೂಡಲೇ, ಕಾನ್ಫಿಗರ್‌ಗೂ ಮೊದಲೇ, ಲೈಸೆನ್ಸ್, ಕಾಪಿಯಿಂಗ್, ನೋಟಿಸ್ ಹೆಸರಿನ ಕಡತಗಳನ್ನು ಘಟಕದ ಹೆಸರು ಮತ್ತು ಆವೃತ್ತಿಯ ಫೋಲ್ಡರಿಗೆ ನಕಲು ಮಾಡುತ್ತೇನೆ. ಬಿಲ್ಡ್ ಮುಗಿದ ಮೇಲೆ ಇಮೇಜಿನಲ್ಲಿರುವ ಘಟಕಗಳ ಪಟ್ಟಿ ಒಂದು ಕಡೆ, ಈ ಫೋಲ್ಡರುಗಳು ಇನ್ನೊಂದು ಕಡೆ. ತಾಳೆ ಆಗದಿದ್ದರೆ ಬಿಲ್ಡ್ ಫೇಲ್. ಎಚ್ಚರಿಕೆ ಕೊಟ್ಟು ಮುಂದೆ ಹೋಗಲು ಬಿಡಬೇಡಿ. ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ. ಹೆಸರು ಬದಲಾದ ಘಟಕಗಳನ್ನು ತಾಳೆ ಹಾಕಲು ಒಂದು ಉಪಾಯವಿದೆ, ಸದ್ಯಕ್ಕೆ ಅದು ನನ್ನ ಹತ್ತಿರವೇ ಇರಲಿ.

ಎಚ್‌ಟಿಟಿಪಿಡಿಯ ಲೈಸೆನ್ಸ್ ಆದ ಅಪಾಚೆ 2.0 ಬಗ್ಗೆ ಎರಡು ಮಾತು ಹೆಚ್ಚು. ಎಲ್ಲರೂ ಲೈಸೆನ್ಸ್ ಹಾಕುತ್ತಾರೆ, ಶ್ರೇಯ ಯಾರಿಗೆಂದು ಹೇಳುವ ನೋಟಿಸ್ ಕಡತ ಮರೆಯುತ್ತಾರೆ. ನಾಲ್ಕನೇ ಕಲಮು ಅದನ್ನು ಪ್ರತ್ಯೇಕವಾಗಿಯೇ ಕೇಳುತ್ತದೆ. ಎಚ್‌ಟಿಟಿಪಿಡಿಯ ನೋಟಿಸ್ ತೆರೆದರೆ ಅಪಾಚೆ ಫೌಂಡೇಶನ್ ಹೆಸರಿನ ಕೆಳಗೆ ಎನ್‌ಸಿಎಸ್‌ಎ ಎಂಬ ಅಮೆರಿಕದ ಸೂಪರ್‌ಕಂಪ್ಯೂಟಿಂಗ್ ಕೇಂದ್ರದ ಸಾಲು, ಅದರ ಕೆಳಗೆ ಆರ್‌ಎಸ್‌ಎ ಕಂಪನಿಯ ಎಂಡಿ5 ಕೋಡಿನ ಸಾಲು. ಹಳೆಯದು, ಯಾರು ಕೇಳ್ತಾರೆ ಎಂದು ಅಳಿಸುವಂತಿಲ್ಲ. ಇನ್ನು ಲೈಸೆನ್ಸ್ ಕಡತ 200 ಸಾಲಿಗೆ ಮುಗಿಯಿತು ಎಂದುಕೊಂಡು ಮೂಲ ಪಠ್ಯವನ್ನು ಮಾತ್ರ ಅಂಟಿಸಿದ್ದೆ; ಅದರ ಕೆಳಗೆ ಉಪಘಟಕಗಳ ಷರತ್ತುಗಳು ಬೇರೆ ಇವೆ. ಟಾರ್‌ಬಾಲಿನಲ್ಲಿ ಬಂದ ಕಡತವನ್ನೇ ಇಡಿ.

ನಮ್ಮ ಮೂರು ಪ್ಯಾಚ್‌ಗಳಿದ್ದವು, ಅಂದರೆ ಕೋಡಿಗೆ ತಿದ್ದುಪಡಿಗಳು. ಅಪಾಚೆ 2.0 ಪ್ರಕಾರ ಬದಲಾಯಿಸಿದ ಕಡತದೊಳಗೇ 'ಬದಲಾಗಿದೆ' ಎಂದು ಎದ್ದು ಕಾಣುವಂತೆ ಬರೆಯಬೇಕು, ಗಿಟ್ ಲಾಗ್ (ಬದಲಾವಣೆಗಳ ಪಟ್ಟಿ) ಸಾಲದು. ಆ ಸಾಲನ್ನು ಪ್ಯಾಚ್‌ನೊಳಗೇ ಸೇರಿಸಿಬಿಟ್ಟೆ, ಮರೆಯುವ ಪ್ರಶ್ನೆಯೇ ಇಲ್ಲ. ಆರನೇ ಕಲಮು ಟ್ರೇಡ್‌ಮಾರ್ಕ್ ಕೊಡುವುದಿಲ್ಲವಾದ್ದರಿಂದ ಉತ್ಪನ್ನದ ಹೆಸರಿನಿಂದ 'ಅಪಾಚೆ' ತೆಗೆಸಿದೆ. ಇದಕ್ಕೆ ಮಾರ್ಕೆಟಿಂಗ್‌ನವರು ಮುನಿಸಿಕೊಂಡರು.

ಅವರನ್ನು ಖುಷಿಪಡಿಸಿದ್ದೂ ಲೈಸೆನ್ಸೇ. ಓಪನ್‌ಎಸ್‌ಎಸ್‌ಎಲ್ 1.1.1ರ ಹಳೆ ಲೈಸೆನ್ಸಿನಲ್ಲಿ ಜಾಹೀರಾತು ಷರತ್ತು ಇತ್ತು: ಅದರ ಸೌಲಭ್ಯ ಹೇಳಿಕೊಳ್ಳುವ ಕರಪತ್ರದಲ್ಲೂ ಕೃತಜ್ಞತೆಯ ಸಾಲು ಬೇಕು. 2021ರಲ್ಲಿ ಬಂದ 3.0 ಅಪಾಚೆ 2.0ಗೆ ಬದಲಾಯಿತು. ನಾವೂ ಅದಕ್ಕೆ ಹೋದೆವು, ಕರಪತ್ರದಿಂದ ಆ ಸಾಲು ಹೋಯಿತು.

ಹಣ ನಿಜಕ್ಕೂ ಸೋರಿದ್ದು ಆಲ್ಪೈನ್‌ನ ಮೂಲ ಆದೇಶಗಳನ್ನು ಕೊಡುವ ಬ್ಯುಸಿಬಾಕ್ಸ್‌ನಲ್ಲಿ, ಅಂದರೆ ಬೈನರಿ ಕೊಟ್ಟರೆ ಸೋರ್ಸನ್ನೂ ಕೊಡಿ ಎನ್ನುವ ಅದರ ಜಿಪಿಎಲ್ 2 ಲೈಸೆನ್ಸಿನಲ್ಲಿ. ಮೊದಲು ಲಿಖಿತ ಭರವಸೆ ಕೊಟ್ಟಿದ್ದೆವು: ಕೇಳಿದವರಿಗೆ ಕನಿಷ್ಠ 3 ವರ್ಷ ಸೋರ್ಸ್. ಅಂದರೆ 3 ವರ್ಷ ಪ್ರತಿ ರಿಲೀಸನ್ನೂ ಕಾಪಿಡಬೇಕು, ಕೇಳಿದಾಗ ಹುಡುಕಿ ಕೊಡಲು ಒಬ್ಬರು ಬೇಕು. ಒಮ್ಮೆ ಕೇಳಿಯೂ ಬಿಟ್ಟರು. ಮೂಲ ಟಾರ್‌ಬಾಲ್ ಕಳಿಸಿದೆವು. ನಮ್ಮ ಕಾನ್ಫಿಗ್ ಮತ್ತು ಬಿಲ್ಡ್ ಸ್ಕ್ರಿಪ್ಟ್ ಇಲ್ಲದೆ ಅದು ಪೂರ್ಣ ಸೋರ್ಸ್ ಅಲ್ಲ ಎಂದು ವಾಪಸ್ ಬಂತು. ಎರಡು ವಾರ ಹೋಯಿತು, ವಕೀಲರ ಬಿಲ್ ಬೇರೆ. ಈಗ ಇಮೇಜ್ ಜೊತೆಗೇ ಸೋರ್ಸ್ ಆರ್ಕೈವ್ ಕೊಡುತ್ತೇನೆ, ನೆನಪಿದ್ದಂತೆ 300 ಎಂಬಿ ಆಸುಪಾಸು. ಜೊತೆಗೇ ಕೊಟ್ಟ ಮೇಲೆ ಭರವಸೆಯ ಅಗತ್ಯವೇ ಇಲ್ಲ.

ನಡುವೆ ಒಂದು ಪ್ರಯೋಗ: ಜಾಗ ಉಳಿಸಲು ಒಂದೇ ತರಹದ ಲೈಸೆನ್ಸ್ ಪಠ್ಯಗಳನ್ನು ಒಂದಾಗಿಸಲು ಹೋದೆ. ಅಪಾಚೆ, ಜಿಪಿಎಲ್ ಮೂಲ ಪಠ್ಯಗಳಿಗೆ ಸರಿ. ಎಂಐಟಿ, ಬಿಎಸ್‌ಡಿ ಲೈಸೆನ್ಸ್‌ಗಳಿಗೆ ಆಗಲಿಲ್ಲ, ಪ್ರತಿಯೊಂದರ ತಲೆಯ ಮೇಲೆ ಬೇರೆ ಬೇರೆ ಕಾಪಿರೈಟ್ ಸಾಲು, ಉಳಿಸಿಕೊಳ್ಳಬೇಕಾದದ್ದೇ ಅದು. 600 ಕೆಬಿ ಇದ್ದದ್ದು 250ಕ್ಕೆ ಇಳಿಯಿತು, ಜಿಝಿಪ್ ಹಾಕಿ ಕುಗ್ಗಿಸಿದರೆ ಇನ್ನೂ ಕಡಿಮೆ. ಅಂದಹಾಗೆ, ಸರ್ವರ್ ಹೆಡರಿನಿಂದ (ಬ್ರೌಸರ್‌ಗೆ ಕಳಿಸುವ ಉತ್ತರದ ತಲೆಸಾಲು) ಎಂಜಿನ್‌ಎಕ್ಸ್ ಹೆಸರು ತೆಗೆದರೆ ಲೈಸೆನ್ಸ್ ಉಲ್ಲಂಘನೆ ಎಂಬ ವಾದ ಆಗಾಗ ಕೇಳಿಬರುತ್ತದೆ. ಅಲ್ಲ. ಸಾಲು ಇರಬೇಕಾದದ್ದು ದಾಖಲೆಯಲ್ಲಿ, ಎಚ್‌ಟಿಟಿಪಿ ಉತ್ತರದಲ್ಲಲ್ಲ.

ತಪಾಸಣೆಯಲ್ಲಿ ಬಂದ ಆ ಒಂದು ಪ್ರಶ್ನೆ ಅಡ್ಮಿನ್ ಪುಟದ ಫಾಂಟಿನದು. ಬೇಡದ ಅಕ್ಷರಗಳನ್ನು ಕತ್ತರಿಸಿ ಸಣ್ಣದು ಮಾಡಿದ್ದೆ. ಅದು ಓಪನ್ ಫಾಂಟ್ ಲೈಸೆನ್ಸಿನದು, ಹೆಸರು ಕಾಯ್ದಿರಿಸಿದ್ದು. ತಿದ್ದಿದ ಪ್ರತಿಗೆ ಆ ಹೆಸರು ಇಡುವಂತಿಲ್ಲ. ಕಡತದ ಹೆಸರು ಬದಲಿಸಿದರೆ ಸಾಲದು, ಫಾಂಟಿನೊಳಗಿನ ಹೆಸರಿನ ಟೇಬಲ್ಲನ್ನೂ ತಿದ್ದಬೇಕಾಯಿತು. ಹತ್ತು ನಿಮಿಷದ ಕೆಲಸ. ಸ್ಕ್ರಿಪ್ಟಿಗೆ ಇನ್ನೂ ನಾಲ್ಕು ಸಾಲು ಸೇರಿದವು.